ಒಬ್ಬನೇ ಬಂದವನಿಗೆ ತೆರೆಯುವ ಗೇಟು

ಮೊನ್ನೆ ರಾತ್ರಿ ಅಕ್ಕನ ಫೋನ್ ಬಂತು. ಕಾಫಿ ಹೂ ಅರಳಿಸುವ ಹೂಮಳೆಯ ಈ ದಿನಗಳಲ್ಲಿ ಕೊಡಗಿನಲ್ಲಿ ಯಾರು ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟು ಬಂತು?" ಎಂದು. ನಮ್ಮಲ್ಲಿ ಮಳೆಯ ಅಳತೆ ಸೆಂಟಿನಲ್ಲಿ. ಅಕ್ಕ ಅದನ್ನೂ ಕೇಳಲಿಲ್ಲ. "ನನ್ನ ಮಗನ ತಲೆ ಕೆಡಿಸಿದವನು ನೀನು, ಸರಿ ಮಾಡಬೇಕಾದವನೂ ನೀನೇ" ಎಂದಳು.

ವಿಷಯ ಇಷ್ಟು. ಸೋದರಳಿಯನಿಗೆ ಇಪ್ಪತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಕೆಲಸ. ಜೂನ್‌ನಲ್ಲಿ ರಜೆ ಹಾಕಿ ಬೈಕಿನಲ್ಲಿ ಲೇಹ್‌ಗೆ ಹೊರಟಿದ್ದಾನೆ, ಒಬ್ಬನೇ. ಅಕ್ಕನಿಗೆ ಲೇಹ್ ಬಗ್ಗೆ ತಕರಾರಿಲ್ಲ, ಬೈಕಿನ ಬಗ್ಗೆಯೂ ಇಲ್ಲ. ಆ 'ಒಬ್ಬನೇ' ಎಂಬ ಮಾತು ಮಾತ್ರ ಅವಳ ಗಂಟಲಲ್ಲಿ ಇಳಿಯುತ್ತಿಲ್ಲ. "ಹತ್ತು ಜನರ ಜೊತೆ ಹೋಗಲಿ, ದುಡ್ಡು ನಾನೇ ಕೊಡುತ್ತೇನೆ. ಒಬ್ಬನೇ ಬೇಡ ಎಂದು ನೀನು ಹೇಳು." ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎನ್ನಲೂ ಇಲ್ಲ. ಐವತ್ತರ ಹತ್ತಿರ ಬಂದರೂ ಅಕ್ಕನೆದುರು ನನ್ನ ಬಾಯಿ ಕಟ್ಟುತ್ತದೆ. ಫೋನಿನಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ ಫೇಸ್‌ಬುಕ್ ನೋಡುತ್ತಾಳೆ. ಲೈಕ್ ಒತ್ತುವುದಿಲ್ಲ, ಅಷ್ಟೇ.

ನಮ್ಮ ಮನೆ ನಾಪೋಕ್ಲುವಿನಿಂದ ಕಕ್ಕಬ್ಬೆಗೆ ಹೋಗುವ ರಸ್ತೆಯ ಬದಿಗೇ ಇದೆ. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವ ಬಹಳಷ್ಟು ಜನ ಈ ದಾರಿಯಲ್ಲೇ ಹಾದುಹೋಗುತ್ತಾರೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಯಾಯಿತೆಂದರೆ ಬೈಕುಗಳ ಸಾಲು ಶುರು. ಹದಿನೈದು, ಇಪ್ಪತ್ತು, ಹೆಚ್ಚಿನವು ಸೈಲೆನ್ಸರ್ ಬದಲಾಯಿಸಿದವು. ಕಣದಲ್ಲಿ ಕಾಫಿ ಹರಡುವ ಹೆಂಗಸರು ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿಹೋಗುವವರೆಗೆ ಕಾದು, ಬಿಟ್ಟಲ್ಲಿಂದ ಮುಂದುವರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ಸಂಜೆ. ಮಳೆ ಎಂದರೆ ನಮ್ಮ ಮಳೆ. ಹಂಚಿನ ಮೇಲಿನ ಸದ್ದಿಗೆ ಟಿವಿ ಕೇಳಿಸದು. ಗೇಟಿನ ಬಳಿ ಒಬ್ಬ ಹುಡುಗ ಬೈಕು ನಿಲ್ಲಿಸಿಕೊಂಡು ನಿಂತಿದ್ದ. ನಾಯಿ ಬೊಗಳಿತು. ಹೆಂಡತಿ ಕಿಟಕಿಯಿಂದ ನೋಡಿ "ಪಾಪ, ಒಬ್ಬನೇ ಇದ್ದಾನೆ, ಕರೆಯಿರಿ" ಎಂದಳು. ಬೈಕು ಗೋದಾಮಿಗೆ ಹೋಯಿತು, ಹುಡುಗ ಬಚ್ಚಲಿಗೆ. ಹಂಡೆಯ ಬಿಸಿನೀರು ಸುರಿದುಕೊಂಡು, ನನ್ನದೇ ಪಂಚೆ ಉಟ್ಟು, ಒಲೆಯ ಮುಂದೆ ಬೆಲ್ಲದ ಕಾಫಿ ಕುಡಿಯುತ್ತ ಕುಳಿತ. ಹುಬ್ಬಳ್ಳಿ ಕಡೆಯವನು. ಇವತ್ತಿಗೂ ನಮ್ಮ ಹುತ್ತರಿ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾನೆ.

ಅದಾಗಿ ಎರಡು ವಾರಕ್ಕೆ ಅದೇ ಗೇಟಿನಲ್ಲಿ, ಅದೇ ಮಳೆಯಲ್ಲಿ ಹನ್ನೆರಡು ಬೈಕುಗಳು ನಿಂತವು. ಗೋದಾಮಿನ ಮಾಡಿನ ಕೆಳಗೆ ನಿಲ್ಲಿ ಎಂದೆ. ಒಳಗೆ ಕರೆಯಲಿಲ್ಲ. ಅವರೂ ಒಳ್ಳೆಯ ಮನೆಗಳ ಹುಡುಗರೇ ಇದ್ದರು, ತಪ್ಪು ಹೇಳಬಾರದು. ಆದರೆ ಹೆಂಡತಿ ಕಿಟಕಿಗೆ ಬಂದವಳು ಏನೂ ಹೇಳದೆ ಪರದೆ ಎಳೆದಳು. ಒಬ್ಬ ಬಂದರೆ ನೆಂಟ, ಹನ್ನೆರಡು ಮಂದಿ ಬಂದರೆ ದಂಡು. ಇದು ನ್ಯಾಯವೋ ಅಲ್ಲವೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಆದದ್ದು ಹೀಗೆ. ಗೇಟಿನ ಒಳಗೆ ನಿಂತು ಇದನ್ನು ನೋಡಿದ ನನಗೆ ಹೊರಗೆ ನಿಂತ ಅನುಭವವೂ ಇದೆ.

2017ರ ಮೇ ತಿಂಗಳಲ್ಲಿ ನಾನು ಒಬ್ಬನೇ ಹೊರಟೆ. ಐದು ಎಕರೆ ತೋಟ ಇಟ್ಟುಕೊಂಡವನಿಗೆ ಪ್ರವಾಸದ ತಿಂಗಳನ್ನು ತೋಟವೇ ಗೊತ್ತು ಮಾಡುತ್ತದೆ. ರೊಬಸ್ಟಾ ಕಾಫಿ ಕೊಯ್ದು, ಒಣಗಿಸಿ, ಕರಿಮೆಣಸು ಇಳಿಸಿ, ಹೂಮಳೆಯೂ, ಕಾಯಿ ಕಟ್ಟಲು ಬೇಕಾದ ಆಮೇಲಿನ ಬ್ಯಾಕಿಂಗ್ ಮಳೆಯೂ ಬಂದಮೇಲೆ ಮುಂಗಾರು ಕಾಲಿಡುವವರೆಗೆ ಸಿಗುವ ಕೆಲವು ವಾರಗಳೇ ನಮ್ಮ ಬೇಸಿಗೆ ರಜೆ. ನನ್ನ ಬೈಕು ಕಾರ್ಬುರೇಟರ್ ಕಾಲದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಬೆಂಗಳೂರಿನಲ್ಲಿ 44ನೇ ನಂಬರಿನ ಹೆದ್ದಾರಿ ಹಿಡಿದರೆ ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ, ಜಮ್ಮು ದಾಟಿ ಶ್ರೀನಗರದವರೆಗೆ ದಾರಿ ಕೇಳುವ ಕೆಲಸವೇ ಇಲ್ಲ. ರೈಲು ಹಳಿಯೇ ಇಲ್ಲದ ಜಿಲ್ಲೆಯಿಂದ ಬಂದ ನಮಗೆ ರಸ್ತೆಯ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ. ಆ ನಂಬಿಕೆಯೂ 2018ರ ಆಗಸ್ಟ್ ಬಂದು ಸಂಪಾಜೆ ಘಾಟಿಯ ಗುಡ್ಡಗಳು ರಸ್ತೆಗೆ ಇಳಿದ ಮೇಲೆ ಮೊದಲಿನಂತೆ ಉಳಿದಿಲ್ಲ.

ತೆಲಂಗಾಣ, ವಿದರ್ಭದ ಮೇ ಬಿಸಿಲನ್ನು ಕೊಡಗಿನವನಿಗೆ ಹೇಳಿ ತಿಳಿಸಲಾಗದು. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಹನ್ನೊಂದಕ್ಕೆಲ್ಲ ನೆರಳು ಹುಡುಕುತ್ತಿದ್ದೆ. ಹತ್ತಿ ಅಂಗಿಯನ್ನು ನೀರಿನಲ್ಲಿ ಅದ್ದಿ ಜಾಕೆಟ್ಟಿನ ಒಳಗೆ ತೊಟ್ಟರೆ ಅರ್ಧ ಗಂಟೆ ತಂಪು. ಒಬ್ಬನೇ ಹೋಗುವುದರ ಮೊದಲ ಲಾಭ ತಿಳಿದದ್ದು ಇಲ್ಲೇ: ಆಯಾಸವಾದಾಗ ನಿಲ್ಲಬಹುದು. ಇದೇನು ಮಹಾ ಎನ್ನಬೇಡಿ. ಅದಕ್ಕೆ ಹಿಂದೆ ಏಳು ಜನ ಕನ್ಯಾಕುಮಾರಿಗೆ ಹೋಗಿದ್ದೆವು. ಕೊನೆಯ ದಿನ ಏಳು ಜನಕ್ಕೂ ನಿದ್ದೆ ಎಳೆಯುತ್ತಿತ್ತು, ಹೇಳಲು ಏಳು ಜನಕ್ಕೂ ನಾಚಿಕೆ. ಎಲ್ಲರಿಗಿಂತ ಹಿಂದಿದ್ದವನು ತೂಕಡಿಸಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದ. ಅದು ನಮಗೆ ಗೊತ್ತಾದದ್ದು ಹದಿನೆಂಟು ಕಿಲೋಮೀಟರ್ ಮುಂದೆ, ಚಹಾ ಅಂಗಡಿಯಲ್ಲಿ ಲೋಟ ಎಣಿಸುವಾಗ. ಅವನ ಪುಣ್ಯ, ಗದ್ದೆಯಲ್ಲಿ ಕೆಸರಿತ್ತು. ಅಕ್ಕ, ಹತ್ತು ಜನರ ಜೊತೆ ಹೋದರೆ ಹತ್ತು ಜನ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೀಯಲ್ಲ, ಪ್ರತಿಯೊಬ್ಬನೂ ಉಳಿದ ಒಂಬತ್ತು ಜನ ನೋಡಿಕೊಳ್ಳುತ್ತಾರೆ ಎಂದುಕೊಂಡಿರುತ್ತಾನೆ.

ಇನ್ನು ನಾನು ಪಟ್ಟ ಪಾಡು. ಪಂಜಾಬ್ ಮುಗಿದು ಲಖನ್‌ಪುರದಲ್ಲಿ ಜಮ್ಮು ಕಾಶ್ಮೀರದ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಮೊಬೈಲ್ ಸತ್ತುಹೋಯಿತು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಕ್ಲಚ್ ಕೇಬಲ್‌ನಿಂದ ಹಿಡಿದು ಹಲ್ಲುನೋವಿನ ಮಾತ್ರೆಯವರೆಗೆ ಎಲ್ಲ ಪಟ್ಟಿ ಮಾಡಿ ತುಂಬಿಕೊಂಡಿದ್ದ ಬುದ್ಧಿವಂತನಿಗೆ ಇದು ಗೊತ್ತಿರಲಿಲ್ಲ. ಮನೆಗೆ ದಿನಾ ಸಂಜೆ ಆರಕ್ಕೆ ಫೋನ್ ಮಾಡುವುದೆಂದು ಮಾತಾಗಿತ್ತು. ಜಮ್ಮುವಿನಲ್ಲೇ ಉಳಿದು ಯಾರದಾದರೂ ಫೋನ್ ಕೇಳಬಹುದಿತ್ತು. ಉಧಂಪುರ ಇನ್ನೇನು ಹತ್ತಿರ ಎಂದು ಹಠ ಹಿಡಿದೆ. ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಕತ್ತಲಾಗಿ, ಲಾಡ್ಜ್ ಸೇರಿ ಮ್ಯಾನೇಜರನ ಫೋನಿನಿಂದ ಕರೆ ಮಾಡಿದಾಗ ರಾತ್ರಿ ಒಂಬತ್ತೂವರೆ.

ಹೆಂಡತಿ ಬೈಯಲಿಲ್ಲ. "ಪೆನ್ನು ತೆಗೆದುಕೊಳ್ಳಿ, ಒಂದು ನಂಬರ್ ಬರೆದುಕೊಳ್ಳಿ" ಎಂದಳು. ಆ ಮೂರೂವರೆ ಗಂಟೆಯಲ್ಲಿ ಅವಳು ಅಕ್ಕನಿಗೆ ಫೋನ್ ಮಾಡಿದ್ದಳು. ಅಕ್ಕ ಮೂರ್ನಾಡಿನ ಯಾರಿಗೋ, ಅವರು ಗೋಣಿಕೊಪ್ಪದ ಇನ್ಯಾರಿಗೋ. ಕೊಡಗಿನಲ್ಲಿ ಯಾವ ಮನೆಯಿಂದ ಎಣಿಸಿದರೂ ಮೂರನೆಯ ಮನೆಯಲ್ಲಿ ಒಬ್ಬರು ಮಿಲಿಟರಿಯವರು ಇದ್ದೇ ಇರುತ್ತಾರೆ. ಉಧಂಪುರವೋ ಸೇನೆಯ ಉತ್ತರ ಕಮಾಂಡಿನ ಕೇಂದ್ರ. ಮರುದಿನ ಬೆಳಿಗ್ಗೆ ಹಿಮಾಲಯದ ಬುಡದ ಆ ಊರಿನ ಕ್ವಾರ್ಟರ್ಸ್‌ನಲ್ಲಿ ನಾನು ಅಕ್ಕಿ ರೊಟ್ಟಿ, ಪಂದಿ ಕರಿ ತಿನ್ನುತ್ತಿದ್ದೆ. ಪಂದಿ ಕರಿಗೆ ಹಾಕುವ ಹುಳಿ ಕಾಚಂಪುಳಿ ಊರಿನಿಂದ ಬಂದದ್ದು, ಸಣ್ಣ ಶೀಶೆಯಲ್ಲಿತ್ತು. ಅದನ್ನು ನನಗಾಗಿ ಎಷ್ಟು ಸುರಿದರೆಂದು ರುಚಿಯಲ್ಲೇ ಗೊತ್ತಾಯಿತು. ನಾವು ಏಳು ಜನ ಹೋಗಿದ್ದರೆ ಅವರು ಕರೆಯುತ್ತಿದ್ದರೇ? ಕರೆದರೂ ನಾವು ಹೋಗುತ್ತಿದ್ದೆವೇ? ನಾವು ನಾವೇ ಲಾಡ್ಜಿನಲ್ಲಿ ಕುಳಿತು ಹಳೆಯ ಜೋಕುಗಳನ್ನೇ ಹೇಳಿಕೊಳ್ಳುತ್ತಿದ್ದೆವು.

ಸಂಜೆ ನಾಲ್ಕಕ್ಕೆ ಎಲ್ಲಿದ್ದರೆ ಅಲ್ಲೇ ರಾತ್ರಿ ಎಂಬ ನನ್ನ ನಿಯಮ ಹುಟ್ಟಿದ್ದು ಆ ದಿನ.

ಆಗಷ್ಟೇ ತೆರೆದಿದ್ದ ಚೆನಾನಿ–ನಾಶ್ರಿ ಸುರಂಗ, ಆಮೇಲೆ ಬನಿಹಾಲ್, ಶ್ರೀನಗರ, ಸೋನಮಾರ್ಗ್. ಇವನ್ನೆಲ್ಲ ವರ್ಣಿಸುವವರು ಬೇಕಾದಷ್ಟಿದ್ದಾರೆ. ಲಡಾಖ್‌ಗೆ ದಾಟುವ ಕಣಿವೆದಾರಿ ಜೋಜಿಲಾದ ಬಗ್ಗೆ ಮಾತ್ರ ಹೇಳಬೇಕು. 3,528 ಮೀಟರ್ ಎತ್ತರ, ಎರಡೂ ಬದಿ ಕೊರೆದ ಹಿಮದ ಗೋಡೆ, ನಡುವೆ ನಮ್ಮ ಗದ್ದೆಯ ಉಳುಮೆಯನ್ನು ನೆನಪಿಸುವ ಕೆಸರು. ಎದುರಿನ ಲಾರಿಗೆ ದಾರಿ ಬಿಡಲು ಹೋಗಿ, ನಡೆಯುವಷ್ಟೇ ವೇಗದಲ್ಲಿ ಬೈಕು ಮಲಗಿತು. ಸಾಮಾನು ಬಿಟ್ಟೇ ಸುಮಾರು 190 ಕೆ.ಜಿ. ತೂಕ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಹ್ಯಾಂಡಲ್ ಹಿಡಿದು, ಕಾಲಿನ ಬಲದಿಂದ ಎತ್ತಬೇಕೆಂದು ಕಣದಲ್ಲಿ ಅಭ್ಯಾಸ ಮಾಡಿದ್ದೆ. ಕಣದಲ್ಲಿ ಕಾಲು ಜಾರುವುದಿಲ್ಲ. ಎರಡನೇ ಸಲ ಎತ್ತುವಾಗಲೇ ಉಸಿರು ಸಾಲದೆ ಕಣ್ಣು ಕತ್ತಲೆಗಟ್ಟಿತು. ಅದೇ ಲಾರಿಯ ಡ್ರೈವರ್, ಕ್ಲೀನರ್ ಇಬ್ಬರೂ ಇಳಿದು ಬಂದು ಬೈಕು ನಿಲ್ಲಿಸಿಕೊಟ್ಟರು. ಎಲ್ಲಿಂದ ಎಂದರು. "ಕೊಡಗು" ಎಂದೆ, ತಿಳಿಯಲಿಲ್ಲ. "ಬೆಂಗಳೂರಿನ ಹತ್ತಿರ" ಎಂದು ಸುಳ್ಳು ಹೇಳಿದೆ.

ನಮ್ಮ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಈ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ್ದು ಶಾಲೆಯಲ್ಲಿದ್ದಾಗಿನಿಂದ ಕೇಳಿದ ಕಥೆ. ಒಂದು ಬೈಕನ್ನು ನೆಟ್ಟಗೆ ನಿಲ್ಲಿಸಲಾಗದೆ ಅಲ್ಲಿ ಏದುಸಿರು ಬಿಡುವಾಗ ಆ ಕಥೆಯ ತೂಕ ತಿಳಿಯಿತು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅದಕ್ಕೂ ಮೊದಲು ಅಲ್ಲಿ ಆರ್‌ಟಿಒ ಕಚೇರಿ ಇತ್ತು, ನನ್ನ ಲೈಸೆನ್ಸ್ ಆಗಿದ್ದು ಅಲ್ಲೇ. ಜೋಜಿಲಾದ ಕೆಸರಿನಲ್ಲಿ ಬಿದ್ದವನ ಲೈಸೆನ್ಸ್ ಆ ಮನೆಯಿಂದಲೇ ಬಂದದ್ದೆಂದು ಅಲ್ಲಿ ಯಾರಿಗೂ ಹೇಳುವಂತಿರಲಿಲ್ಲ, ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಅಕ್ಕನ ಭಯದಲ್ಲಿ ನಿಜವಾದದ್ದು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಎತ್ತರದ ಜಾಗದಲ್ಲಿ ಉಸಿರು ಕಡಿಮೆಯಾದಾಗ ಮೊದಲು ಮಂಕಾಗುವುದು ತಲೆ. ಮಂಕಾಗಿದೆ ಎಂದು ತಿಳಿಯಬೇಕಾದದ್ದೂ ಅದೇ ತಲೆ. ಜೊತೆಗೆ ಒಬ್ಬನಿದ್ದರೆ "ಯಾಕೋ ಮಾತು ತೊದಲುತ್ತಿದ್ದೀಯಲ್ಲ" ಎನ್ನುತ್ತಾನೆ. ಒಬ್ಬನೇ ಇದ್ದಾಗ ಹೇಳುವವರಿಲ್ಲ. ಹಾಗಾಗಿ ತೀರ್ಮಾನವನ್ನು ಮಡಿಕೇರಿಯ ಎತ್ತರದಲ್ಲೇ ಮಾಡಿ ಬರೆದುಕೊಂಡು ಹೋಗಬೇಕು: ತಲೆನೋವು ಇದ್ದರೆ ಮೇಲೆ ಹತ್ತುವುದಿಲ್ಲ, ಹೆಚ್ಚಾದರೆ ಇಳಿಯುವುದು, ಚರ್ಚೆ ಇಲ್ಲ. ನಾನು ಕಾರ್ಗಿಲ್‌ನಲ್ಲಿ ಎರಡು ರಾತ್ರಿ ಸುಮ್ಮನೆ ಮಲಗಿದ್ದು ಈ ಚೀಟಿಯ ಮಾತಿಗೆ. ಆಮೇಲೆ 4,108 ಮೀಟರಿನ ಫೋಟು ಲಾ ಹತ್ತುವಾಗ ಬೈಕಿಗೇ ಉಸಿರು ಕಟ್ಟಿತು. ಗಾಳಿ ತೆಳುವಾಗಿ, ಪೆಟ್ರೋಲ್ ಹೆಚ್ಚಾಗಿ, ಕಪ್ಪು ಹೊಗೆ ಬಿಡುತ್ತ ಎರಡನೇ ಗೇರಿನಲ್ಲಿ ತೆವಳಿತು. ಈಗಿನ ಫ್ಯೂಯಲ್ ಇಂಜೆಕ್ಷನ್ ಬೈಕುಗಳು ಗಾಳಿಗೆ ತಕ್ಕಂತೆ ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಸವಾರನಿಗೆ ಅಂಥದ್ದು ಇನ್ನೂ ಬಂದಿಲ್ಲ.

ಒಬ್ಬನೇ ಹೋಗುವುದನ್ನು ಶೌರ್ಯ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ತನ್ನನ್ನು ತಾನು ಹುಡುಕಿಕೊಳ್ಳಲು ಹೋಗುತ್ತೇನೆ ಎನ್ನುವವರನ್ನು ಕಂಡರೆ ಅದಕ್ಕಿಂತ ಕಿರಿಕಿರಿ. ಹೆಲ್ಮೆಟ್ಟಿನ ಒಳಗೆ ಇಪ್ಪತ್ತೆರಡು ದಿನ ನನಗೆ ಸಿಕ್ಕಿದ್ದು ಬೆನ್ನುನೋವು, ಬ್ಯಾಂಕಿನ ಕಂತಿನ ಲೆಕ್ಕ ಮತ್ತು 'ಸ್ಪ್ರಿಂಕ್ಲರ್ ಪೈಪುಗಳನ್ನು ಒಳಗೆ ಇಡಿಸಿದೆನೇ' ಎಂಬ ಅನುಮಾನ. ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿ ಸಾವಿರ ಜನರ ಜೊತೆ ಹರಟುತ್ತ ಹೋಗುವುದನ್ನೂ 'ಒಬ್ಬನೇ' ಎಂದು ಕರೆಯುವುದಾದರೆ ಆ ಮಾತಿಗೆ ಅರ್ಥ ಉಳಿಯುವುದಿಲ್ಲ.

ಧೈರ್ಯಸ್ಥನೆಂದು ನನ್ನನ್ನು ಕರೆಯಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಲೇಹ್‌ಗೆ ಒಬ್ಬನೇ ಹೋದವನು ಕತ್ತಲಾದ ಮೇಲೆ ನಮ್ಮದೇ ಜಿಲ್ಲೆಯ ಆನೆಕಾಡಿನಲ್ಲೋ ತಿತಿಮತಿ ರಸ್ತೆಯಲ್ಲೋ ಒಬ್ಬನೇ ಬೈಕು ಓಡಿಸುವುದಿಲ್ಲ. ಆನೆಗೆ ನಾನು ನೆಂಟನೂ ಅಲ್ಲ, ದಂಡೂ ಅಲ್ಲ. ನಾಗಪುರದಿಂದ ಸಿವನಿಗೆ ಹೋಗುವಾಗ ಪೆಂಚ್ ಕಾಡಿನಲ್ಲಿ ಅದೇ 44ನೇ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ, ಪ್ರಾಣಿಗಳಿಗೆ ಅಡಿಯಲ್ಲಿ ದಾರಿ ಬಿಟ್ಟಿದ್ದಾರೆ. ಅತಿ ಉದ್ದದ್ದು 750 ಮೀಟರ್ ಇದೆ. ಎರಡನೇ ಸಲ ಆ ಕಡೆ ಹೋದಾಗ ಬೈಕು ನಿಲ್ಲಿಸಿ ನೋಡಿದೆ. ಹೊಟ್ಟೆ ಉರಿಯಿತು ಎಂದರೆ ತಪ್ಪಾಗದು.

ಇಷ್ಟು ಬರೆದು ಹೆಂಡತಿಗೆ ತೋರಿಸಿದೆ. ಓದಿ, "ಮಗಳು ಹೊರಟಿದ್ದರೆ ಇದನ್ನೇ ಬರೆಯುತ್ತಿದ್ದಿರಾ?" ಎಂದಳು. ಮಗಳು ಪಿಯುಸಿಯಲ್ಲಿದ್ದಾಳೆ, ಸ್ಕೂಟರ್ ಕಲಿತಿದ್ದಾಳೆ. ನಾನು ಉತ್ತರ ಕೊಡಲಿಲ್ಲ. ಒಬ್ಬನೇ ಬಂದವನಿಗೆ ಗೇಟು ತೆರೆಯುತ್ತದೆ ಎಂದು ಇಷ್ಟು ನೆಮ್ಮದಿಯಿಂದ ಹೇಳುತ್ತಿರುವುದು ಗಂಡಸು. ಗೇಟು ತೆರೆದವರು ಯಾರು, ಎಂಥವರು ಎಂದು ಎರಡು ಸಲ ನೋಡಬೇಕಾದ ಪ್ರಮೇಯ ಇಪ್ಪತ್ತೆರಡು ದಿನಗಳಲ್ಲಿ ನನಗೆ ಒಮ್ಮೆಯೂ ಬರಲಿಲ್ಲ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಈಗ ಬಹಳ ಇದ್ದಾರೆ, ಅವರು ಬರೆದದ್ದನ್ನು ಓದುತ್ತಿದ್ದೇನೆ. ಮಗಳು ಕೇಳುವ ದಿನಕ್ಕೆ ಉತ್ತರ ಹುಡುಕಬೇಕು.

ಸೋದರಳಿಯನಿಗೆ ಬೇಡ ಎಂದು ನಾನು ಹೇಳುವುದಿಲ್ಲ. ನಿನ್ನೆ ಅವನೇ ಫೋನ್ ಮಾಡಿದ್ದ: "ಮಾವ, ಅಮ್ಮ ನಿಮಗೆ ಹೇಳಿದರಾ?" ಹೇಳಿದರು ಎಂದೆ. ಭಾನುವಾರ ಬೈಕು ತೆಗೆದುಕೊಂಡು ಬಾ ಎಂದೆ. ಕಣದಲ್ಲಿ ಹಿಂದಿನ ಚಕ್ರ ಬಿಚ್ಚಿ, ಟೈರ್ ಲಿವರ್ ಹಾಕಿ, ಟ್ಯೂಬ್ ಬದಲಾಯಿಸಿ ಮತ್ತೆ ಕೂರಿಸಬೇಕು. ನಾನು ಕುರ್ಚಿಯಲ್ಲಿ ಕುಳಿತಿರುತ್ತೇನೆ, ಕೈ ಹಾಕುವುದಿಲ್ಲ. ಹೊಸ ಕ್ಲಚ್ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಡಬೇಕು; ಹಳೆಯದು ತುಂಡಾದರೆ ತುದಿ ಬದಲಿಸಿದರಾಯಿತು, ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ. ಆಮೇಲೆ ಸಾಮಾನು ಸಮೇತ ಬೈಕನ್ನು ಮಲಗಿಸಿ ಎತ್ತಬೇಕು. ಈ ಸಲ ಕಣಕ್ಕೆ ನೀರು ಬಿಟ್ಟು ಕೆಸರು ಮಾಡಿಡುತ್ತೇನೆ. ಸಿಮ್ ಪೋಸ್ಟ್‌ಪೇಯ್ಡ್ ಮಾಡಿಸಿದ್ದಾನೆಯೇ ಎಂದು ಕೇಳಿದೆ. ಅದೇಕೆ ಎಂದ. ಉಧಂಪುರದ ಕಥೆ ಅವನಿಗೆ ಹೇಳಿರಲೇ ಇಲ್ಲವಂತೆ ನಾನು.

ಈಗಷ್ಟೇ ಅಕ್ಕನ ಮೆಸೇಜ್ ಬಂತು. "ಭಾನುವಾರ ನಾನೂ ಬರುತ್ತೇನೆ. ಆ ಉಧಂಪುರದವರು ರಿಟೈರ್ ಆಗಿ ಊರಿಗೆ ಬಂದಿದ್ದಾರಂತೆ. ಲೇಹ್‌ನಲ್ಲಿ ಈಗ ನಮ್ಮವರು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದೇನೆ."