ಲೋಧಿ ಕಾಲೊನಿಯ ಗೋಡೆ, ನಮ್ಮೂರ ಕಾಂಪೌಂಡು

ದೆಹಲಿಗೆ ಬಂದು ಹನ್ನೊಂದು ವರ್ಷವಾಯಿತು. ಊರಿನಿಂದ ಯಾರೇ ಬರಲಿ, ಕೆಂಪುಕೋಟೆ, ಕುತುಬ್ ಮಿನಾರ್ ಮುಗಿದ ಮೇಲೆ ಲೋಧಿ ಕಾಲೊನಿಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ. ಖನ್ನಾ ಮಾರ್ಕೆಟ್‌ನಿಂದ ಮೆಹರ್‌ಚಂದ್ ಮಾರ್ಕೆಟ್‌ವರೆಗಿನ ಬೀದಿಗಳವು. 1940ರ ದಶಕದಲ್ಲಿ ಬ್ರಿಟಿಷರು ಸರ್ಕಾರಿ ನೌಕರರಿಗೆಂದು ಕಟ್ಟಿಸಿದ ಮನೆಗಳು, ನಡುನಡುವೆ ಎತ್ತರದ ಕಮಾನುಗಳು. ಸ್ಟಾರ್ಟ್ ಇಂಡಿಯಾ ಫೌಂಡೇಶನ್ ದೇಶವಿದೇಶದ ಕಲಾವಿದರನ್ನು ಕರೆಸಿ ಇಲ್ಲಿನ 50ಕ್ಕೂ ಹೆಚ್ಚು ಗೋಡೆಗಳ ಮೇಲೆ ಚಿತ್ರ ಬರೆಸಿದೆ. ಟಿಕೆಟ್ಟಿಲ್ಲ, ಗೇಟಿಲ್ಲ. ಚಿತ್ರದ ಹಿಂದೆಯೇ ಸಂಸಾರ ನಡೆಯುತ್ತಿರುತ್ತದೆ. ಕುಕ್ಕರ್ ಕೂಗುತ್ತದೆ, ಬಟ್ಟೆ ಒಣಗುತ್ತಿರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಾಕು ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದನ ಗೋಡೆ. ಬಣ್ಣದ ಚಿತ್ರವೇ ಅಲ್ಲ ಅದು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಅಕ್ಷರಗಳ ಮೇಲೆ ಬಿಸಿಲು ಬಿದ್ದಾಗ, ನೆರಳು ಗೋಡೆಯ ಮೇಲೆ ಪದಗಳಾಗಿ ಮೂಡುತ್ತದೆ. ಹೊತ್ತು ಸರಿದಂತೆ ಪದಗಳು ಓರೆಯಾಗುತ್ತವೆ, ಎಳೆದಂತಾಗುತ್ತವೆ, ಆಮೇಲೆ ಇಲ್ಲವಾಗುತ್ತವೆ. ಮೊದಲ ಸಲ ಮುಸ್ಸಂಜೆಗೆ ಹೋಗಿ ಏನೂ ಓದಲಾಗದೆ ಮರಳಿದ್ದೆ. ಮುಂದಿನ ಭಾನುವಾರ ನಡುಮಧ್ಯಾಹ್ನ ಹೋಗಿ ಒಂದು ತಾಸು ಅಲ್ಲೇ ನಿಂತೆ.

ಅಲ್ಲಿ ನಿಂತಾಗಲೇ ಬೆಂಗಳೂರಿನ ಕಾಂಪೌಂಡುಗಳು ನೆನಪಾದವು. 2009ರಲ್ಲಿ ನಮ್ಮ ಪಾಲಿಕೆಯೂ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತ್ತು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿ. ಬರೆದವರಲ್ಲಿ ಎಷ್ಟೋ ಜನ, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು. ಅಂಗೈಯಗಲದ ಫೋಟೋ ಮೇಲೆ ಚೌಕ ಎಳೆದು, ಅದೇ ಚೌಕಗಳನ್ನು ದೊಡ್ಡದಾಗಿಸಿ, ಥಿಯೇಟರ್ ಮುಂದೆ ನಾಯಕನ ಮುಖವನ್ನು ಮನೆಯೆತ್ತರಕ್ಕೆ ನಿಲ್ಲಿಸುತ್ತಿದ್ದ ಕೈಗಳವು. ಆಗ ಅವರಿಗೆ ಕೆಲಸ ಸಿಕ್ಕಿತಲ್ಲ ಎಂದು ನಿಜಕ್ಕೂ ಖುಷಿಪಟ್ಟಿದ್ದೆ. ಈಗಲೂ ಅದನ್ನು ಒಳ್ಳೆಯ ಕೆಲಸವೆಂದೇ ಹೇಳುತ್ತೇನೆ.

ಆದರೆ ಲೋಧಿಯಲ್ಲಿ ಗೋಡೆ ಕೊಟ್ಟವರು ಏನು ಬರೆಯಬೇಕೆಂಬುದನ್ನು ಬರೆಯುವವರಿಗೇ ಬಿಟ್ಟಿದ್ದಾರೆ. ಯಾವ ಗೋಡೆ ಯಾರದ್ದೆಂದು ನೋಡುವವರಿಗೆ ಗೊತ್ತಾಗುತ್ತದೆ. ನಾನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಬೆಂಗಳೂರಿನ ಗೋಡೆಗಳಲ್ಲಿ ಹುಲಿ ಇತ್ತು, ಹುಲಿ ಬರೆದವರ ಹೆಸರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಗೋಡೆಯಲ್ಲಿ ಕಂಡ ಅರಮನೆಯೇ ಇನ್ನೊಂದರಲ್ಲೂ ಕಾಣುತ್ತಿತ್ತು. ಊರನ್ನು ಅಂದ ಮಾಡಲು ಅವರ ಕೈ ಬೇಕಾಯಿತು, ಅವರ ಮನಸ್ಸಿನಲ್ಲೇನಿದೆ ಎಂದು ಕೇಳುವುದು ಉಳಿದುಹೋಯಿತು.

ಗೋಡೆಗೆ ಬರೆಯುವುದು ನಮಗೇನು ಹೊಸದೇ? ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಎಳೆ ಒಂದಿಷ್ಟೂ ಅಲುಗುವುದಿಲ್ಲ.

ಹಾಗಾಗಿ ನನ್ನ ಆಸೆ ಇಷ್ಟೇ. ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯ ಒಂದೇ ಒಂದು ಬೀದಿಯನ್ನು ಆ ಬ್ಯಾನರ್ ಕಲಾವಿದರಿಗೂ ಈ ಚಿತ್ತಾರದವರಿಗೂ ಬಿಟ್ಟುಕೊಡಲಿ. ಮನೆಯವರ ಒಪ್ಪಿಗೆ ಇರಲಿ, ವಿಷಯ ಅವರದ್ದೇ ಆಗಿರಲಿ, ಗೋಡೆಯ ಮೂಲೆಯಲ್ಲಿ ಅವರ ಹೆಸರು ಕನ್ನಡದಲ್ಲಿ ದಪ್ಪಗೆ ಕಾಣಲಿ. ರಜೆಗೆ ಬಂದಾಗ ದೆಹಲಿಯ ಗೆಳೆಯರನ್ನು ಅಲ್ಲಿಗೆ ಕರೆತರುತ್ತೇನೆ.