ನಾಯಿ ಬೆಕ್ಕಿಗೆ ಕೀಮೋ ಅಂದ ತಕ್ಷಣ ಬೇಡ ಅನ್ನಬೇಡಿ

"ಪಾಪ, ಮೂಕಪ್ರಾಣಿ. ಅದಕ್ಕೆ ಕೀಮೋ ಕೊಡಿಸಿ ಯಾಕೆ ಹಿಂಸೆ ಮಾಡ್ತೀರಿ?" ನಮ್ಮ ನಾಯಿ ಚಿನ್ನಿಗೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್, ಅಂತ ಗೊತ್ತಾದಾಗ ಎಷ್ಟೋ ಜನ ಈ ಮಾತು ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಕೀಮೋ ತಗೊಂಡ ಮನುಷ್ಯರು. ಕೂದಲು ಉದುರಿದ ತಲೆ, ನಿಲ್ಲದ ವಾಂತಿ, ಹಾಸಿಗೆ ಹಿಡಿದ ಜೀವ. ಅದನ್ನೇ ನಾಯಿ ಬೆಕ್ಕಿಗೂ ಹೊಂದಿಸಿಕೊಂಡು ಬೇಡ ಅಂದುಬಿಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಬೇಡ ಅನ್ನೋದಕ್ಕೆ ಬೇರೆ ಒಳ್ಳೆಯ ಕಾರಣಗಳು ಇರಬಹುದು. ಪ್ರಾಣಿಗೆ ತುಂಬಾ ವಯಸ್ಸಾಗಿರಬಹುದು, ಆಸ್ಪತ್ರೆ ಅಂದರೇನೇ ನಡುಗಿ ಹೋಗುವ ಸ್ವಭಾವ ಇರಬಹುದು, ಮನೆಯವರ ಕೈಯಲ್ಲಿ ಅಷ್ಟು ದುಡ್ಡು ಇಲ್ಲದೆ ಇರಬಹುದು. ಅಂಥವರನ್ನು ಯಾರೂ ಒಂದು ಮಾತು ಅನ್ನಬಾರದು. ಆದರೆ ಬರೀ ಹೆದರಿಕೆಯಿಂದ ಬೇಡ ಅನ್ನಬೇಡಿ.

ಮನುಷ್ಯರಿಗೆ ಎಷ್ಟೋ ಸಲ ರೋಗವನ್ನು ಬುಡಸಮೇತ ಕಿತ್ತು ಹಾಕಲೇಬೇಕು ಅಂತ ದೇಹ ತಡೆಯುವಷ್ಟೂ ಔಷಧಿ ಕೊಡುತ್ತಾರೆ. ಪ್ರಾಣಿಗಳ ಲೆಕ್ಕ ಬೇರೆ. ಇರುವಷ್ಟು ದಿನ ತಿಂದುಂಡು, ಬಾಲ ಆಡಿಸಿಕೊಂಡು ಇರಬೇಕು ಅನ್ನುವುದೇ ಮೊದಲು. ಅದಕ್ಕೇ ಡೋಸ್ ಕಡಿಮೆ. ಹೆಚ್ಚಿನವಕ್ಕೆ ತೊಂದರೆ ಆಗುವುದೇ ಇಲ್ಲ, ತೊಂದರೆ ಆದರೂ ಒಂದೆರಡು ದಿನದ ಸುಸ್ತು, ಊಟ ಬಿಡುವುದು, ಸ್ವಲ್ಪ ಭೇದಿ. ಆಸ್ಪತ್ರೆಗೆ ಸೇರಿಸುವಷ್ಟು ಕಷ್ಟ ಆಗುವುದು ನೂರರಲ್ಲಿ ಸುಮಾರು 5 ಪ್ರಾಣಿಗಳಿಗೆ.

ನಾಯಿಗಳ ಲಿಂಫೋಮಾಗೆ ಕೊಡುವ ಮುಖ್ಯ ಚಿಕಿತ್ಸೆಗೆ ಚಾಪ್ ಅನ್ನುತ್ತಾರೆ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ಪ್ರೆಡ್ನಿಸೋಲೋನ್ ಅಂತ ನಾಲ್ಕು ಔಷಧಿ, ಸರದಿಯ ಮೇಲೆ, ಸುಮಾರು 4ರಿಂದ 6 ತಿಂಗಳು. ಏನೂ ಮಾಡದೇ ಬಿಟ್ಟರೆ ಸಾಮಾನ್ಯವಾಗಿ 4ರಿಂದ 6 ವಾರ ಅಷ್ಟೇ. ಯಾವ ಬಿಳಿ ರಕ್ತಕಣದಿಂದ ಹುಟ್ಟಿತು ಅನ್ನುವುದರ ಮೇಲೆ ಇದರಲ್ಲಿ ಬಿ-ಸೆಲ್, ಟಿ-ಸೆಲ್ ಅಂತ ಬಗೆಗಳಿವೆ. ಚಿಕಿತ್ಸೆ ಕೊಟ್ಟರೆ ಬಿ-ಸೆಲ್ ಬಗೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಸಿಗುತ್ತದೆ. ಟಿ-ಸೆಲ್ ಆದರೆ ಅದಕ್ಕಿಂತ ಕಡಿಮೆ. ಪೂರ್ತಿ ವಾಸಿ ಆಗುವುದು ಅಪರೂಪ. ಇದನ್ನು ಡಾಕ್ಟರ್ ಬಾಯಿಂದ ಮೊದಲ ದಿನವೇ ಕೇಳಿಸಿಕೊಳ್ಳಿ.

ಚಿನ್ನಿಯ ದವಡೆಯ ಕೆಳಗೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ನೋವಿರಲಿಲ್ಲ, ಮುಟ್ಟಿದರೆ ಸುಮ್ನೆ ಕತ್ತು ಚಾಚುತ್ತಿದ್ದಳು. ಮೊದಲ ಇಂಜೆಕ್ಷನ್ ಆದ ವಾರದೊಳಗೆ ಅವು ಕೈಗೆ ಸಿಗದ ಹಾಗೆ ಕರಗಿದವು. ಇಂಜೆಕ್ಷನ್ ಕೊಡಲು ಮತ್ತಿನ ಔಷಧಿಯನ್ನೂ ಕೊಡಲಿಲ್ಲ. ಮುಂಗಾಲಿನ ಕೂದಲು ಒಂದಿಷ್ಟು ಬೋಳಿಸಿ, ನರಕ್ಕೆ ಸೂಜಿ ಹಾಕಿ, ನಾವು ತಲೆ ನೇವರಿಸುತ್ತಿರುವಾಗಲೇ ಮುಗಿದಿತ್ತು. ಆದರೆ ಆ ಹೊತ್ತಿನಲ್ಲಿ ಪ್ರಾಣಿ ಅಲುಗಾಡಬಾರದು. ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್ ನರದಿಂದ ಹೊರಗೆ ಚೆಲ್ಲಿದರೆ ಸುತ್ತಲಿನ ಮಾಂಸವೇ ಸುಟ್ಟ ಹಾಗಾಗುತ್ತದೆ. ಇದನ್ನು ದಿನವೂ ಮಾಡಿ ಪಳಗಿದ ಕೈಯೇ ಬೇಕು.

ಮನೆಗೆ ಬಂದ ಮೇಲೆ ಎರಡು ಸಮಯ ನೆನಪಿಡಿ. ಎರಡನೇ ದಿನದಿಂದ ಐದನೇ ದಿನದವರೆಗೆ ಹೊಟ್ಟೆಯದ್ದು. ವಾಂತಿ ಶುರುವಾಗುವವರೆಗೆ ಕಾಯಬೇಡಿ, ವಾಕರಿಕೆ ತಡೆಯುವ ಮಾತ್ರೆಯನ್ನು ಮೊದಲೇ ಬರೆಸಿಕೊಂಡು ಬನ್ನಿ. ಊಟ ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗಾದರೂ ಮೂತಿ ಇಡುತ್ತವೆ. ಬಲವಂತವಾಗಿ ತುರುಕಬೇಡಿ, ಆಮೇಲೆ ಆ ಊಟ ಕಂಡರೇ ದೂರ ಹೋಗುತ್ತವೆ. ಹಸಿ ಮಾಂಸವಂತೂ ಬೇಡವೇ ಬೇಡ.

ಎರಡನೆಯದು 7ರಿಂದ 10ನೇ ದಿನ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಆಗ ಜಾಸ್ತಿ ಇಳಿಯುತ್ತದೆ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮಂಕಾಗಿ ಮೂಲೆ ಹಿಡಿದರೆ, ಬೆಳಗಾಗಲಿ ಅಂತ ಕೂರಬೇಡಿ, ರಾತ್ರಿಯೇ ಫೋನ್ ಮಾಡಿ. ಡೋಸ್ ಕೊಡುವ ಮೊದಲು ರಕ್ತ ಪರೀಕ್ಷೆ ಮಾಡುವುದೂ ಇದಕ್ಕೇ. ಕಣ ಕಡಿಮೆ ಇದ್ದರೆ ಆ ಡೋಸನ್ನು ಮುಂದಕ್ಕೆ ಹಾಕುತ್ತಾರೆ. ಚಿಕಿತ್ಸೆ ತಪ್ಪಿತು ಅಂತ ಗಾಬರಿ ಬೇಡ.

ಸೈಕ್ಲೋಫಾಸ್ಫಮೈಡ್ ಕೊಟ್ಟಾಗ ಮೂತ್ರದ ಕಡೆ ಗಮನ ಇರಲಿ. ಅದು ದೇಹದಲ್ಲಿ ಒಡೆದಾಗ ಹುಟ್ಟುವ ಅಂಶವೊಂದು ಮೂತ್ರಕೋಶದ ಒಳಪದರವನ್ನು ಸುಡುತ್ತದೆ. ಬೆಳಗ್ಗೆಯೇ ಕೊಟ್ಟು, ಧಾರಾಳ ನೀರು ಕುಡಿಸಿ, ದಿನವಿಡೀ ಮತ್ತೆ ಮತ್ತೆ ಹೊರಗೆ ಕರೆದುಕೊಂಡು ಹೋಗಬೇಕು. ಪದೇ ಪದೇ ಕೂತು ಒಂದೊಂದೇ ಹನಿ ಬಿಟ್ಟರೆ, ಅದರಲ್ಲಿ ಕೆಂಪು ಕಂಡರೆ, ತಕ್ಷಣ ಹೇಳಿ.

ಔಷಧಿ ಮಲಮೂತ್ರದಲ್ಲೂ ಹೊರಗೆ ಬರುತ್ತದೆ. ಕಡೇಪಕ್ಷ ಮೂರು ದಿನ ಗ್ಲೌಸ್ ಹಾಕಿಕೊಂಡೇ ಅದನ್ನು ಬಳಿದು ತೆಗೆಯಿರಿ. ಕೊಳೆಯಾದ ಬಟ್ಟೆ ಬೇರೆ ಒಗೆಯಿರಿ. ಬಸುರಿಯರು, ಮಕ್ಕಳು ಆ ಮಲಮೂತ್ರದ ಹತ್ತಿರ ಹೋಗಬಾರದು. ಕೀಮೋ ಮಾತ್ರೆಯನ್ನು ಮುರಿಯುವುದು, ಪುಡಿ ಮಾಡಿ ಊಟಕ್ಕೆ ಬೆರೆಸುವುದು ಮಾಡಬೇಡಿ. ಹಾಗಂತ ಮುದ್ದು ಮಾಡಬೇಡಿ ಅಂತಲ್ಲ. ಅಪ್ಪಿಕೊಳ್ಳಿ, ಕೈ ತೊಳೆದುಕೊಳ್ಳಿ, ಅಷ್ಟೇ.

ಕೂದಲಿನ ಚಿಂತೆ ಬಿಡಿ. ಹೆಚ್ಚಿನ ನಾಯಿಗಳಿಗೆ ಉದುರುವುದೇ ಇಲ್ಲ. ಪೂಡಲ್ ತರಹ ಬೆಳೆಯುತ್ತಲೇ ಇರುವ ಕೂದಲಿನ ತಳಿಗಳಿಗೆ ತೆಳ್ಳಗಾಗಬಹುದು. ಬೆಕ್ಕಿನ ಮೀಸೆ ಉದುರಬಹುದು, ಮತ್ತೆ ಬರುತ್ತದೆ.

ಕಾಲಿ, ಆಸ್ಟ್ರೇಲಿಯನ್ ಶೆಫರ್ಡ್ ತಳಿಯ ನಾಯಿ ಸಾಕಿದವರು ಎಂಡಿಆರ್1 ಜೀನ್ ಪರೀಕ್ಷೆ ಬಗ್ಗೆ ಮೊದಲೇ ಕೇಳಿ. ಆ ಜೀನ್‌ನಲ್ಲಿ ದೋಷ ಇರುವ ನಾಯಿಗಳ ದೇಹಕ್ಕೆ ವಿನ್‌ಕ್ರಿಸ್ಟಿನ್‌ನಂಥ ಔಷಧಿಯನ್ನು ಹೊರಹಾಕುವುದು ಕಷ್ಟ, ಮಾಮೂಲಿ ಡೋಸೇ ವಿಷ ಆಗಬಹುದು. ಬೆಕ್ಕಿಗೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಪ್ರಾಣಕ್ಕೇ ಅಪಾಯ. ಜ್ವರ ಅಂತ ಪ್ಯಾರಸಿಟಮಾಲ್ ಕೊಟ್ಟರೂ ಅಷ್ಟೇ. ವಿನ್‌ಕ್ರಿಸ್ಟಿನ್ ಬರುವುದು ನಿತ್ಯಪುಷ್ಪದ ಗಿಡದಿಂದ ನಿಜ. ಅದಕ್ಕೆ ಅಂತ ಎಲೆ ಅರೆದು ಕುಡಿಸುವ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ, ಅದು ವಿಷ.

ಇನ್ನೊಂದು ಮಾತು. ಲಿಂಫೋಮಾ ಅನುಮಾನ ಇದ್ದರೆ, ಕೀಮೋ ಬೇಕೋ ಬೇಡವೋ ತೀರ್ಮಾನ ಆಗುವ ಮೊದಲೇ ಸ್ಟೆರಾಯ್ಡ್ ಶುರು ಮಾಡಿಸಬೇಡಿ. ಗಂಟು ಕರಗುತ್ತದೆ, ಖುಷಿ ಆಗುತ್ತದೆ. ಆದರೆ ಆಮೇಲೆ ಕೊಡುವ ಕೀಮೋ ಅಷ್ಟು ಚೆನ್ನಾಗಿ ಹಿಡಿಯದೆ ಹೋಗಬಹುದು.

ರೋಗ ತಿರುಗಿ ಬಂದಾಗ ಏನು ಮಾಡೋದು ಅಂತಲೂ ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಎರಡನೇ ಸಲವೂ ಕೀಮೋ ಕೊಡಬಹುದು, ಆದರೆ ಸಿಗುವ ದಿನ ಸಾಮಾನ್ಯವಾಗಿ ಕಡಿಮೆ. ಚಿನ್ನಿಗೆ ಗಂಟು ಮತ್ತೆ ಎದ್ದಾಗ ನಾವು ಎರಡನೇ ಸುತ್ತು ಬೇಡ ಅಂದೆವು. ಆಗ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರು. ಅದರಿಂದ ಅವಳಿಗೆ ಹಸಿವು ಹೆಚ್ಚಾಯಿತು. ಕೊನೆಯ ವಾರಗಳಲ್ಲಿ ತಟ್ಟೆ ಇಡುವ ಮುಂಚೆಯೇ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಿರುತ್ತಿದ್ದಳು, ಕೇಳಿದಷ್ಟೂ ಹಾಕಿದೆವು.