ಪುಸ್ತಕ ಓದಿಕೊಂಡು ಬಂದವರಿಗೆ ಒಂದು ಪ್ರಶ್ನೆ ಕೇಳೋಕೂ ಬಿಡಲ್ವಾ?

ಎರಡು ದಿನ ಆಯಿತು, ಇನ್ನೂ ಹೊಟ್ಟೆ ಉರಿಯುತ್ತಿದೆ. ಬರೆದು ಹಾಕದೆ ಸಮಾಧಾನ ಆಗುವುದಿಲ್ಲ.

ಅವರೊಬ್ಬ ದೊಡ್ಡ ರಾಜಕಾರಣಿ. ಹೆಸರು ಬೇಡ. ಅಧಿಕಾರದಲ್ಲಿದ್ದ ವರ್ಷಗಳ ಬಗ್ಗೆ ಪುಸ್ತಕ ಬರೆದಿದ್ದಾರೆ. ಅದರ ಬಗ್ಗೆ ಅವರೇ ಮಾತಾಡುತ್ತಾರೆ, ಆಮೇಲೆ ಓದುಗರ ಜೊತೆ ಸಂವಾದ ಇದೆ ಅಂತ ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದರು. ಆ ಸಂವಾದ ಅನ್ನೋ ಪದ ನಂಬಿಕೊಂಡು ಹೋದವನು ನಾನು.

ಸುಮ್ನೆ ಹೋಗಲಿಲ್ಲ. ನಾನೂರು ಚಿಲ್ಲರೆ ಪುಟ. ಮೂರು ವಾರ, ದಿನಾ ಕೆಲಸ ಮುಗಿಸಿ ಬಂದು ಕೂತು ಓದಿದ್ದೆ. 212ನೇ ಪುಟದಲ್ಲಿ ಒಂದು ನಿರ್ಧಾರದ ಬಗ್ಗೆ 'ಇದು ನನ್ನ ಗಮನಕ್ಕೆ ಬಂದಿದ್ದೇ ಎಲ್ಲ ಮುಗಿದ ಮೇಲೆ' ಅಂತಿದೆ. 340ನೇ ಪುಟಕ್ಕೆ ಬಂದರೆ, ಅದೇ ನಿರ್ಧಾರ ಆದ ಸಭೆಯ ವಿವರ ಇದೆ. ಸಭೆಯ ಅಧ್ಯಕ್ಷತೆ ಅವರದ್ದೇ! ಎರಡೂ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನಡುವೆ ಚೀಟಿ ಸಿಕ್ಕಿಸಿಕೊಂಡು ಹೋಗಿದ್ದೆ. ನನ್ನದು ಒಂದೇ ಪ್ರಶ್ನೆ. ಸಾರ್, ಇದರಲ್ಲಿ ಯಾವುದು ನಿಜ?

ಕಾರ್ಯಕ್ರಮ ಶುರುವಾಗಿದ್ದು ಒಂದೂವರೆ ಗಂಟೆ ತಡವಾಗಿ. ಒಬ್ಬರಾದ ಮೇಲೆ ಒಬ್ಬರಂತೆ ಅತಿಥಿಗಳು ಎದ್ದು ಹೊಗಳಿದರು. ಅವರಲ್ಲೊಬ್ಬರು ಪುಸ್ತಕ ಎತ್ತಿ ಹಿಡಿದು 'ಪ್ರತಿಯೊಬ್ಬರೂ ಓದಲೇಬೇಕು' ಅಂದರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅವರ ಕೈಲಿದ್ದ ಪ್ರತಿಯ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ, ವೇದಿಕೆಯ ಬೆಳಕಿಗೆ ಫಳಫಳ ಅಂತಿತ್ತು. ಹಿಂಬದಿಯ ರಕ್ಷಾಪುಟದಲ್ಲಿ ಇದ್ದದ್ದನ್ನೇ ಓದಿ ಕೂತರು.

ಆಮೇಲೆ ಲೇಖಕರು. ಮುಕ್ಕಾಲು ಗಂಟೆ ಮಾತಾಡಿದರು. ಎದುರು ಪಕ್ಷದವರನ್ನು ಬೈದರು, ಮುಂದಿನ ಚುನಾವಣೆ ಬಗ್ಗೆ ಹೇಳಿದರು. ಪುಸ್ತಕದ ಒಂದು ಸಾಲನ್ನೂ ಓದಲಿಲ್ಲ. ಸಂದರ್ಶನ ಮಾಡಲು ಕೂತಿದ್ದವರು ಕೇಳಿದ್ದು, ಇಷ್ಟು ಕೆಲಸದ ನಡುವೆ ಬರೆಯೋಕೆ ಸಮಯ ಹೇಗೆ ಸಿಗುತ್ತೆ ಅಂತ. ಅದೂ ಒಂದು ಪ್ರಶ್ನೆನಾ?

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಅಂದರು. ಬರೆದುಕೊಟ್ಟೆ, ಪುಟಸಂಖ್ಯೆ ಸಮೇತ. ವೇದಿಕೆ ಪಕ್ಕದ ಮೇಜಿನಲ್ಲಿ ಒಬ್ಬರು ಎಲ್ಲ ಚೀಟಿ ಬಿಡಿಸಿ ಓದಿ, ಎರಡು ಗುಡ್ಡೆ ಮಾಡುತ್ತಿದ್ದರು. ನನ್ನದು ಹಳದಿ ಕಾಗದ, ದೂರದಿಂದಲೇ ಗೊತ್ತಾಗುತ್ತಿತ್ತು. ಅದನ್ನು ಓದಿದರು. ತಲೆ ಎತ್ತಿ ಸಭಿಕರ ಕಡೆ ಒಮ್ಮೆ ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಗುಡ್ಡೆಗೂ ಸೇರಿಸಲಿಲ್ಲ! ಇನ್ನೊಂದು ಗುಡ್ಡೆಯಿಂದ ಎರಡು ಚೀಟಿ ಓದಿ, ಸಮಯದ ಅಭಾವದಿಂದ ಇಲ್ಲಿಗೆ ಮುಗಿಸುತ್ತಿದ್ದೇವೆ ಅಂದರು. ಒಂದೂವರೆ ಗಂಟೆ ನಮ್ಮನ್ನು ಕಾಯಿಸಿದವರಿಗೆ ಸಮಯದ ಅಭಾವ ಅನ್ನೋಕೆ ನಾಚಿಕೆ ಆಗಬೇಕಿತ್ತು.

ಹಸ್ತಾಕ್ಷರದ ಸಾಲಿನಲ್ಲಾದರೂ ಕೇಳೋಣ ಅಂತ ನಿಂತೆ. ನನ್ನ ಸರದಿ ಬಂದಾಗ 212ನೇ ಪುಟ ತೆರೆದು ಮುಂದಿಟ್ಟೆ. ಪಕ್ಕದಲ್ಲಿದ್ದ ಸಹಾಯಕ ತಕ್ಷಣ ಮೊದಲ ಪುಟಕ್ಕೆ ತಿರುಗಿಸಿ, 'ಮಾತು ಬೇಡ, ಹಿಂದೆ ಜನ ಇದ್ದಾರೆ' ಅಂದರು. ಲೇಖಕರು ತಲೆಯನ್ನೂ ಎತ್ತದೆ ಸಹಿ ಮಾಡಿ ಪುಸ್ತಕ ತಳ್ಳಿದರು. ಪುಟಗಳ ನಡುವೆ ಸಿಕ್ಕಿಸಿದ್ದ ಚೀಟಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಆದ ಅವಮಾನ ಇದೆಯಲ್ಲ, ಅದನ್ನು ಹೇಗೆ ಹೇಳಲಿ.

ಯಾಕೆ ಇಷ್ಟು ಕೋಪ ಅಂದರೆ, ಭಾಷಣದಲ್ಲಿ ಏನು ಹೇಳಿದ್ದರೂ 'ನನ್ನ ಮಾತನ್ನು ತಿರುಚಿದ್ದಾರೆ' ಅಂತ ಜಾರಿಕೊಳ್ಳಬಹುದು. ಪುಸ್ತಕದಲ್ಲಿ ಹಾಗಾಗುವುದಿಲ್ಲ. ಅಚ್ಚಾಗಿರುತ್ತದೆ, ಮೇಲೆ ಅವರದೇ ಹೆಸರು ಇರುತ್ತದೆ. ಪತ್ರಿಕಾಗೋಷ್ಠಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಸಾಮಾನ್ಯ ಓದುಗನೊಬ್ಬ ಅಧಿಕಾರ ಮಾಡಿದವರ ಎದುರು ನಿಂತು, ಇಗೋ ನೀವೇ ಬರೆದ ಸಾಲು ಅಂತ ಬೆರಳಿಟ್ಟು ತೋರಿಸಬಹುದಾದ ಜಾಗ ಇದೊಂದೇ. ಅಲ್ಲೂ ಬಾಯಿ ಮುಚ್ಚಿಸಿದರೆ ಇನ್ನೆಲ್ಲಿ ಕೇಳಬೇಕು?

ರಾಜಕಾರಣಿಗಳು ಬೇರೆಯವರ ಸಹಾಯ ತೆಗೆದುಕೊಂಡು ಪುಸ್ತಕ ಬರೆದರೆ ತಪ್ಪು ಅಂತ ನಾನು ಹೇಳುತ್ತಿಲ್ಲ. 1957ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ಎಫ್. ಕೆನಡಿಯವರ ಪುಸ್ತಕದ ಬಹುಪಾಲು ಅಧ್ಯಾಯಗಳ ಮೊದಲ ಕರಡು ತನ್ನದು ಅಂತ ಅವರ ಸಹಾಯಕ ಟೆಡ್ ಸೊರೆನ್‌ಸನ್ 2008ರಲ್ಲಿ ಬರೆದರು. ಚರ್ಚಿಲ್ ಎರಡನೇ ಮಹಾಯುದ್ಧದ ಇತಿಹಾಸದ ಆರು ಸಂಪುಟ ಬರೆದಾಗ ಹಿಂದೆ ಸಂಶೋಧಕರ ಒಂದು ತಂಡವೇ ಇತ್ತು. ನೆಹರೂ 1944ರಲ್ಲಿ ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿ 'ಡಿಸ್ಕವರಿ ಆಫ್ ಇಂಡಿಯಾ' ಬರೆಯುವಾಗ ಜೊತೆಗಿದ್ದ ಕೈದಿಗಳ ಹತ್ತಿರ ಚರ್ಚೆ ಮಾಡಿದ್ದನ್ನು ಮುನ್ನುಡಿಯಲ್ಲೇ ನೆನೆದಿದ್ದಾರೆ. ಯಾರು ಬರೆದುಕೊಟ್ಟರೂ ಸರಿ, ಮುಖಪುಟದಲ್ಲಿ ಹೆಸರು ಹಾಕಿಕೊಂಡ ಮೇಲೆ ಉತ್ತರ ಕೊಡುವ ಜವಾಬ್ದಾರಿ ಅವರದ್ದು ತಾನೇ? ಸ್ವಂತ ಪುಸ್ತಕವನ್ನು ಪೂರ್ತಿ ಓದಿರಬೇಕು ತಾನೇ?

ಮಾಡೋಕೆ ಆಗಲ್ಲ ಅನ್ನಬೇಡಿ. ಅಮೆರಿಕದ ಸಿ-ಸ್ಪ್ಯಾನ್ ವಾಹಿನಿಯಲ್ಲಿ 1989ರಿಂದ 2004ರವರೆಗೆ ಬ್ರಯಾನ್ ಲ್ಯಾಂಬ್ ಅನ್ನುವವರು ಪುಸ್ತಕಗಳದ್ದೇ ಒಂದು ಕಾರ್ಯಕ್ರಮ ನಡೆಸಿದರು. ವಾರಕ್ಕೆ ಒಬ್ಬ ಲೇಖಕ, ಒಂದು ಗಂಟೆ. ಹೀಗೆ ಸುಮಾರು 800 ಜನರನ್ನು ಕೂರಿಸಿಕೊಂಡು ಮಾತಾಡಿಸಿದರು, ಅದೂ ಪುಸ್ತಕ ಓದಿಕೊಂಡೇ ಬಂದು. ಪ್ರಶ್ನೆಗಳು ಚಿಕ್ಕವು, ನೇರವಾದವು. ಎದುರಿಗಿದ್ದವರು ಉತ್ತರ ಕೊಡಲೇಬೇಕಿತ್ತು. ನಮಗೆ ಒಂದು ಗಂಟೆ ಬೇಡ, ಹತ್ತು ನಿಮಿಷ ಸಾಕು.

ಇನ್ನೊಂದು. ಹೊರಗೆ ಮೇಜಿನ ಮೇಲೆ ಪುಸ್ತಕದ ಕಟ್ಟುಕಟ್ಟುಗಳೇ ಇದ್ದವು. ಕಾರ್ಯಕರ್ತರು ಕಟ್ಟು ಬಿಚ್ಚದೆ ವ್ಯಾನಿಗೆ ತುಂಬುತ್ತಿದ್ದರು. ಹೀಗೆ ಸಗಟು ಖರೀದಿ ಆಗಿರುವ ಪುಸ್ತಕದ ಪಕ್ಕ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ ಒಂದು ಚಿಕ್ಕ ಬಾಕು ಗುರುತು ಹಾಕುತ್ತದೆ. ಕೊಂಡವರೆಲ್ಲ ಓದುಗರಲ್ಲ ಅನ್ನೋದು ಅವರಿಗೂ ಗೊತ್ತು. ಅಂದು ಆ ಸಭಾಂಗಣದಲ್ಲಿ ಪೂರ್ತಿ ಓದಿಕೊಂಡು ಬಂದವರು ಬೆರಳೆಣಿಕೆಯಷ್ಟು ಜನ ಇದ್ದಿರಬಹುದು. ನನ್ನ ಪಕ್ಕ ಕೂತಿದ್ದ ವಯಸ್ಸಾದ ಮೇಷ್ಟ್ರು ಅವರಲ್ಲೊಬ್ಬರು. ಅವರ ಪ್ರತಿಯ ಅಂಚಿನಲ್ಲಿ ನನಗಿಂತ ಜಾಸ್ತಿ ಗುರುತುಗಳಿದ್ದವು. ಅವರ ಚೀಟಿಯನ್ನೂ ಓದಲಿಲ್ಲ. 'ಬಿಡಿ, ಅಭ್ಯಾಸ ಆಗಿದೆ' ಅಂದು ಎದ್ದು ಹೋದರು. ನನಗೆ ಅದೇ ಜಾಸ್ತಿ ಚುಚ್ಚಿದ್ದು. ಇಷ್ಟು ಶ್ರದ್ಧೆಯಿಂದ ಓದುವ ಮನುಷ್ಯನಿಗೆ ಇದು ಯಾಕೆ ಅಭ್ಯಾಸ ಆಗಬೇಕು?

ಮುಂದಿನ ತಿಂಗಳು ಇದೇ ಪುಸ್ತಕದ ಮೇಲೆ ಇನ್ನೊಂದು ಕಾರ್ಯಕ್ರಮ ಇದೆಯಂತೆ. ಹೋಗುತ್ತೇನೆ. ಮೇಷ್ಟ್ರ ನಂಬರ್ ತೆಗೆದುಕೊಂಡಿದ್ದೇನೆ, ಅವರನ್ನೂ ಕರೆಯುತ್ತೇನೆ. ಈ ಸಲ ಚೀಟಿ ಬರೆಯುವುದಿಲ್ಲ. ಎದ್ದು ನಿಂತು ಎರಡೂ ಪುಟ ಗಟ್ಟಿಯಾಗಿ ಓದುತ್ತೇನೆ.